8 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಆರ್‌ಎನ್‌ಎ-ಸೀಕ್ ವಿಶ್ಲೇಷಣೆ ಮಾಡುವುದು ಹೇಗೆ?

ಕಾಲೇಜಿನಲ್ಲಿ ಸರ್ವರ್ ಇಲ್ಲ, ಸಾರ್ವಜನಿಕ ಭಂಡಾರದಲ್ಲಿರುವ ಮಾನವ ಜೀವಕೋಶಗಳ 12 ಆರ್‌ಎನ್‌ಎ-ಸೀಕ್ (ಆರ್‌ಎನ್‌ಎ ಓದಿ ಯಾವ ಜೀನ್ ಎಷ್ಟು ಸಕ್ರಿಯ ಎಂದು ಅಳೆಯುವ ವಿಧಾನ) ಸ್ಯಾಂಪಲ್‌ಗಳನ್ನು ಇಳಿಸಿಕೊಂಡು ನೋಡುವುದು ಹೇಗೆ ಎಂದು ಕೇಳಿದ್ದೀರಿ.

ಇಳಿಸಿಕೊಳ್ಳಲೇಬೇಡಿ. ಓದಿದ ಆರ್‌ಎನ್‌ಎ ತುಣುಕುಗಳನ್ನು (ರೀಡ್) ಮಾನವ ಜೀನೋಮಿನಲ್ಲಿ ಅವುಗಳ ಜಾಗಕ್ಕೆ ಹೊಂದಿಸುವ ಸ್ಟಾರ್ ಅಲೈನರ್ ಓಡಿಸಲು ಸುಮಾರು 30 ಜಿಬಿ ರ‍್ಯಾಮ್ ಬೇಕು. ಜರ್ಮನಿಯ ಫ್ರೈಬರ್ಗ್‌ನಿಂದ ನಡೆಯುವ ಗ್ಯಾಲಕ್ಸಿ ಯುರೋಪ್ ಸರ್ವರ್‌ನಲ್ಲಿ ಖಾತೆ ತೆರೆಯಿರಿ. ಇಂಥ ವಿಶ್ಲೇಷಣೆಯ ತಂತ್ರಾಂಶಗಳು ಅಲ್ಲಿಯೇ ಓಡುತ್ತವೆ. ಉಚಿತ, ನಿಮ್ಮ ಕಡೆ ಬ್ರೌಸರ್ ಇದ್ದರೆ ಸಾಕು.

ಯುರೋಪಿನ ಇಎನ್‌ಎ ಎಂಬ ಸೀಕ್ವೆನ್ಸ್ ಭಂಡಾರದಲ್ಲಿ ಪ್ರಾಜೆಕ್ಟ್ ಸಂಖ್ಯೆ ಹಾಕಿದರೆ ಪ್ರತಿ ರನ್‌ನ (ಒಂದು ಸಲದ ಸೀಕ್ವೆನ್ಸಿಂಗ್) ಫಾಸ್ಟ್‌ಕ್ಯೂ, ಅಂದರೆ ಕಚ್ಚಾ ರೀಡ್‌ಗಳ ಕಡತದ ಕೊಂಡಿ ಸಿಗುತ್ತದೆ. ಅವನ್ನು ಗ್ಯಾಲಕ್ಸಿಯ ಅಪ್‌ಲೋಡ್‌ನಲ್ಲಿರುವ 'ಪೇಸ್ಟ್/ಫೆಚ್ ಡೇಟಾ'ದಲ್ಲಿ ಅಂಟಿಸಿ. ಕಡತ ಒಂದು ಸರ್ವರ್‌ನಿಂದ ನೇರ ಇನ್ನೊಂದಕ್ಕೆ ಹೋಗುತ್ತದೆ, ನಿಮ್ಮ ಡೇಟಾ ಪ್ಯಾಕ್ ಖರ್ಚಾಗುವುದಿಲ್ಲ. ಜೋಡಿ ರೀಡ್‌ಗಳಾದರೆ (ಪ್ರತಿ ತುಣುಕನ್ನು ಎರಡೂ ತುದಿಯಿಂದ ಓದಿದ್ದು) ಸ್ಯಾಂಪಲ್‌ಗೆ ಎರಡರಂತೆ 24 ಕಡತಗಳು. ಅವನ್ನು 'ಲಿಸ್ಟ್ ಆಫ್ ಪೇರ್ಸ್' ಕಲೆಕ್ಷನ್ ಮಾಡಿಕೊಂಡರೆ ಒಂದೇ ಸಲಕ್ಕೆ ಎಲ್ಲವೂ ಓಡುತ್ತವೆ. ಆಮೇಲೆ ಫಾಸ್ಟ್‌ಪಿ (ರೀಡ್‌ಗಳನ್ನು ಟ್ರಿಮ್ ಮಾಡಿ ಶುಚಿಗೊಳಿಸಲು), ಸ್ಟಾರ್, ಫೀಚರ್‌ಕೌಂಟ್ಸ್ (ಪ್ರತಿ ಜೀನ್‌ನ ರೀಡ್ ಎಣಿಸಲು), ಡಿಇಸೀಕ್2 (ಗುಂಪುಗಳ ನಡುವಿನ ವ್ಯತ್ಯಾಸ ನೋಡಲು), ಇದೇ ಕ್ರಮ.

ಬಹಳ ಜನ ಎಡವುವುದು ಎಣಿಕೆಯ ಹಂತದಲ್ಲಿ. ಗ್ಯಾಲಕ್ಸಿಯ ಎಚ್‌ಜಿ38ರಲ್ಲಿ (ಮಾನವ ಜೀನೋಮಿನ ಒಂದು ಆವೃತ್ತಿ) ಕ್ರೋಮೋಸೋಮಿನ ಹೆಸರು 'ಸಿಎಚ್‌ಆರ್1' ಎಂದಿದ್ದರೆ ಎನ್‌ಸೆಂಬಲ್ ಡೇಟಾಬೇಸ್‌ನ ಜಿಟಿಎಫ್‌ನಲ್ಲಿ (ಯಾವ ಜೀನ್ ಎಲ್ಲಿದೆ ಎಂದು ಹೇಳುವ ಕಡತ) ಬರೀ '1' ಇರುತ್ತದೆ. ಎರಡನ್ನೂ ಬೆರೆಸಿದರೆ ಸ್ಟಾರ್ ದೋಷ ತೋರಿಸಿ ನಿಲ್ಲುತ್ತದೆ, ಅದು ಒಳ್ಳೆಯದೇ. ಫೀಚರ್‌ಕೌಂಟ್ಸ್ ಮಾತ್ರ ದೋಷ ತೋರಿಸದೆ ಓಡಿ, ಹೆಸರು ಹೊಂದದ ಕಡೆಯ ಜೀನ್‌ಗಳಿಗೆ ಸೊನ್ನೆ ಕೊಡಬಹುದು. ಜೆನ್‌ಕೋಡ್ ಎಂಬ ಇನ್ನೊಂದು ಜೀನ್ ಪಟ್ಟಿಯ ಜಿಟಿಎಫ್ ಬಳಸಿ, ಹೆಸರು ಹೊಂದುತ್ತದೆ.

ಇನ್ನೊಂದು ಎಡವಟ್ಟು ಸ್ಟ್ರ್ಯಾಂಡ್‌ನದು, ಅಂದರೆ ರೀಡ್ ಡಿಎನ್‌ಎಯ ಎರಡು ಎಳೆಗಳಲ್ಲಿ ಯಾವುದರದ್ದು ಎಂಬುದು. ಲೈಬ್ರರಿ (ಸೀಕ್ವೆನ್ಸಿಂಗ್‌ಗೆ ಸಿದ್ಧಪಡಿಸಿದ ಮಾದರಿ) ಆ ಮಾಹಿತಿ ಉಳಿಸಿಕೊಳ್ಳುವ ಬಗೆಯದೋ ಅಲ್ಲವೋ ಎಂದು ಪ್ರಬಂಧದಲ್ಲಿ ಹಲವು ಸಲ ಬರೆದೇ ಇರುವುದಿಲ್ಲ. ಸ್ಟಾರ್‌ನಲ್ಲಿ ಜೀನ್‌ಕೌಂಟ್ಸ್ ಆಯ್ಕೆ ಹಾಕಿ ಬರುವ ಪಟ್ಟಿ ತೆರೆಯಿರಿ: ಮೇಲಿನ 4 ಸಾಲು ಬಿಟ್ಟು 3 ಮತ್ತು 4ನೇ ಕಾಲಂಗಳ ಮೊತ್ತ ಹೋಲಿಸಿ. ಹೆಚ್ಚುಕಡಿಮೆ ಸಮ ಇದ್ದರೆ ಅನ್‌ಸ್ಟ್ರ್ಯಾಂಡೆಡ್. 4ನೆಯದು ಹಲವು ಪಟ್ಟು ದೊಡ್ಡದಾದರೆ ರಿವರ್ಸ್, 3ನೆಯದಾದರೆ ಫಾರ್ವರ್ಡ್. ಫೀಚರ್‌ಕೌಂಟ್ಸ್‌ನಲ್ಲಿ ಅದನ್ನೇ ಆರಿಸಿ. ಅನ್‌ಸ್ಟ್ರ್ಯಾಂಡೆಡ್ ಲೈಬ್ರರಿಯನ್ನು ಸ್ಟ್ರ್ಯಾಂಡೆಡ್ ಎಂದುಕೊಂಡರೆ ಸುಮಾರು ಅರ್ಧ ರೀಡ್ ಹೋಗುತ್ತದೆ. ದಿಕ್ಕು ತಿರುವುಮುರುವಾದರೆ ಬಹುಪಾಲು ಹೋಗುತ್ತದೆ.

ಗ್ಯಾಲಕ್ಸಿಯಲ್ಲಿ ನಿಮಗೆ ಸಿಗುವ ಜಾಗದ ಮಿತಿ, ಅಂದರೆ ಕೋಟಾ ತುಂಬಿದರೆ ಹೊಸ ಜಾಬ್‌ಗಳು ನಿಲ್ಲುತ್ತವೆ. ಡಿಲೀಟ್ ಒತ್ತಿದ ಮಾತ್ರಕ್ಕೆ ಜಾಗ ಮರಳುವುದಿಲ್ಲ, ಪರ್ಜ್ (ಶಾಶ್ವತವಾಗಿ ಅಳಿಸುವುದು) ಮಾಡಬೇಕು. ಎಣಿಕೆ ಪಟ್ಟಿ ಸರಿಯಿದೆ ಎಂದು ಖಚಿತವಾದ ಮೇಲೆ ಟ್ರಿಮ್ ಮಾಡಿದ ಫಾಸ್ಟ್‌ಕ್ಯೂ, ಆಮೇಲೆ ಬ್ಯಾಮ್ (ಸ್ಟಾರ್ ಕೊಡುವ, ಹೊಂದಿಸಿದ ರೀಡ್‌ಗಳ ಕಡತ) ತೆಗೆಯಿರಿ. ಅವು ಹಂಚಿಕೊಂಡು ಬಳಸುವ ಯಂತ್ರಗಳು. ನಿಮಗೆ ಬೇಡದ್ದನ್ನು ತೆಗೆದರೆ ಇನ್ನೊಬ್ಬ ವಿದ್ಯಾರ್ಥಿಗೆ ಜಾಗ ಸಿಗುತ್ತದೆ.

ಇದೆಲ್ಲ ಈಗಾಗಲೇ ಸಾರ್ವಜನಿಕವಾಗಿರುವ ಡೇಟಾಕ್ಕೆ. ನಿಮ್ಮ ಆಸ್ಪತ್ರೆಯ ರೋಗಿಗಳ ಸೀಕ್ವೆನ್ಸ್ ಆದರೆ ಎಥಿಕ್ಸ್ ಸಮಿತಿಯ ಒಪ್ಪಿಗೆಯಿಲ್ಲದೆ ವಿದೇಶಿ ಸರ್ವರ್‌ಗೆ ಹಾಕಬೇಡಿ. ಅಂಥದ್ದನ್ನು ಠೇವಣಿ ಇಡಲು ಫರೀದಾಬಾದ್‌ನಲ್ಲಿ 2022ರಲ್ಲಿ ಉದ್ಘಾಟನೆಯಾದ ಭಾರತೀಯ ಜೈವಿಕ ದತ್ತಾಂಶ ಕೇಂದ್ರ ಇದೆ. ಅಲ್ಲಿ ನಿಯಂತ್ರಿತ ಪ್ರವೇಶದ ಪ್ರತ್ಯೇಕ ವಿಭಾಗವಿದೆ, ಅರ್ಜಿ ಹಾಕಿ ಅನುಮತಿ ಪಡೆದವರಿಗಷ್ಟೇ ಡೇಟಾ ಸಿಗುತ್ತದೆ.