ಅನುದಾನ ಇದ್ದೂ ಬೀದಿದೀಪಕ್ಕೆ ದುಡ್ಡಿಲ್ಲವೇ?

ಕೇಂದ್ರದ ಅನುದಾನ ಖಾತೆಯಲ್ಲಿದ್ದರೂ ಬೀದಿದೀಪ ರಿಪೇರಿಗೆ ಹಣವಿಲ್ಲ ಅಂತ ನಿಮ್ಮ ನಗರಸಭೆ ಹೇಳುತ್ತಿದೆ ಅಂದಿರಿ. ಎರಡೂ ನಿಜವಿರಬಹುದು. ಕೇಂದ್ರದ ಹಣ ಹಂಚಿಕೆಗೆ ಶಿಫಾರಸು ಮಾಡುವ ಹಣಕಾಸು ಆಯೋಗಗಳಲ್ಲಿ 15ನೆಯದರ (2021–26) ಅನುದಾನದಲ್ಲಿ ಸಣ್ಣ ನಗರಗಳಿಗೆ ಬಂದ ಪ್ರತಿ 100 ರೂಪಾಯಿಯಲ್ಲಿ 60 ಷರತ್ತಿನದು: 30 ಕುಡಿಯುವ ನೀರಿಗೆ, 30 ಕಸ ಮತ್ತು ನೈರ್ಮಲ್ಯಕ್ಕೆ. ದೀಪಕ್ಕೆ ಅದನ್ನು ಮುಟ್ಟುವಂತಿಲ್ಲ. ಉಳಿದ 40ರಲ್ಲಿ ದೀಪ ಹಾಕಿಸಬಹುದು. ಸಂಬಳ ಮತ್ತು ಇತರ ಆಡಳಿತ ವೆಚ್ಚಕ್ಕೆ ಮಾತ್ರ ಬಳಸುವಂತಿಲ್ಲ.

ಅನುದಾನ ಬಿಟ್ಟರೆ ನಗರಸಭೆಯ ಸ್ವಂತ ಆದಾಯ: ಆಸ್ತಿ ತೆರಿಗೆ, ನೀರಿನ ಕರ, ತನ್ನ ಮಳಿಗೆಗಳ ಬಾಡಿಗೆ. ನಿಮ್ಮ ತೆರಿಗೆ ರಸೀದಿ ನೋಡಿ: ಅದರಲ್ಲಿರುವ ಗ್ರಂಥಾಲಯ ಕರ, ಭಿಕ್ಷುಕರ ಕರ ನಗರಸಭೆಯ ಸ್ವಂತ ಹಣವಲ್ಲ, ವಸೂಲಿ ಮಾಡಿ ಸಂಬಂಧಿಸಿದ ಸಂಸ್ಥೆಗಳಿಗೆ ದಾಟಿಸಬೇಕಾದದ್ದು. ಮಳಿಗೆ ಬಾಡಿಗೆ ಬಾಕಿಯೇ ಹಲವೆಡೆ ದೊಡ್ಡ ಸೋರಿಕೆ, ಮೊದಲು ಅದನ್ನೇ ಕೇಳಿ.

ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಸಾಕು. ಬಾಡಿಗೆ ಬಾಕಿ ಪಟ್ಟಿಗೆ ಒಂದು, ಅನುದಾನದ ಆ 40ರ ಕ್ರಿಯಾಯೋಜನೆಗೆ (ಯಾವ ಕೆಲಸಕ್ಕೆ ಎಷ್ಟು ಹಣ ಎಂಬ ಪಟ್ಟಿಗೆ) ಇನ್ನೊಂದು ಅರ್ಜಿ ಹಾಕಿ. ಎರಡು ವಿಷಯ ಒಂದರಲ್ಲೇ ಬೆರೆಸಿದರೆ ಅಥವಾ ಅರ್ಜಿ 150 ಪದ ದಾಟಿದರೆ, ಕರ್ನಾಟಕದ ನಿಯಮದಂತೆ ತಿರಸ್ಕರಿಸಲು ನೆಪ ಸಿಗುತ್ತದೆ.