ಟಿವಿಯಲ್ಲಿ ಮಾತು ಕೇಳಿಸುವುದಿಲ್ಲ ಅಂತ 5.1 ತಗೊಳ್ಳಬೇಡಿ

ಟಿವಿಯಲ್ಲಿ ಮಾತು ಸರಿಯಾಗಿ ಕೇಳಿಸುವುದಿಲ್ಲ, ಕಡಿಮೆ ದುಡ್ಡಿಗೆ ಯಾವ 5.1 ಹೋಮ್ ಥಿಯೇಟರ್ ಒಳ್ಳೆಯದು, ಎಷ್ಟು ವ್ಯಾಟ್ ಇರಬೇಕು ಅಂತ ಕೇಳಿದ್ದೀರಿ. ಕೆಲವು ವರ್ಷಗಳ ಹಿಂದೆ ನಾನು ಅಂಗಡಿಯಲ್ಲಿ ನಿಂತು ಕೇಳಿದ್ದೂ ಇದನ್ನೇ, ಹೆಚ್ಚುಕಡಿಮೆ ಇದೇ ಮಾತಿನಲ್ಲಿ. ಅದಕ್ಕೇ ಉತ್ತರ ಉದ್ದವಾಗುತ್ತದೆ, ಪೂರ್ತಿ ಓದಿ.

ನಮ್ಮ ಮನೆಗೆ ತೆಳ್ಳಗಿನ ಟಿವಿ ಬಂದ ಮೇಲೆ ಶುರುವಾದ ತೊಂದರೆ ಇದು. ಹಳೆಯ ದಪ್ಪ ಟಿವಿಗೆ ಮುಂದುಗಡೆಯೇ ಸ್ಪೀಕರ್ ಇತ್ತು. ಹೊಸದರಲ್ಲಿ ಅದಕ್ಕೆ ಜಾಗವೇ ಇಲ್ಲ. ಪುಟ್ಟ ಸ್ಪೀಕರ್‌ಗಳು ಕೆಳಕ್ಕೋ ಹಿಂದಕ್ಕೋ ಮುಖ ಮಾಡಿಕೊಂಡಿರುತ್ತವೆ, ಸದ್ದು ಗೋಡೆಗೆ ಬಡಿದು ಆಮೇಲೆ ನಮ್ಮ ಕಡೆ ಬರುತ್ತದೆ. ಅಪ್ಪ ಎರಡು ನಿಮಿಷಕ್ಕೊಮ್ಮೆ "ಏನಂದ ಅವನು?" ಅಂತ ಕೇಳುತ್ತಿದ್ದರು. ಅವರಿಗೋಸ್ಕರವೇ ನಾನು ಹೋಮ್ ಥಿಯೇಟರ್ ಹುಡುಕಲು ಹೊರಟೆ.

ಅಂಗಡಿಯಲ್ಲಿ ಎರಡೇ ವಿಷಯ ನೋಡಿದೆ. ಸ್ಪೀಕರ್ ಎಷ್ಟಿವೆ, ವ್ಯಾಟ್ ಎಷ್ಟಿದೆ. ದೊಡ್ಡ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ 5.1 ಅಂತ ಇತ್ತು. ಒಳಗೆ ಐದು ಸ್ಪೀಕರ್, ತಗ್ಗಿನ ಸದ್ದಿಗೆ ಒಂದು ಸಬ್‌ವೂಫರ್. ಎಣಿಸಿದೆ, ಸರಿಯಾಗಿತ್ತು. ಮನೆಗೆ ತಂದು, ಹಿಂದಿನ ಗೋಡೆಗೆ ಡ್ರಿಲ್ ಹಾಕಿಸಿ, ವೈರ್ ಎಳೆದು, ಸೋಫಾದ ಎರಡೂ ಬದಿಗೆ ಸ್ಪೀಕರ್ ನೇತುಹಾಕಿದೆ. ಆನ್ ಮಾಡಿದಾಗ ಐದೂ ಸ್ಪೀಕರ್ ಮಾತಾಡಿದವು. ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಅಪ್ಪನಿಗೆ ಮಾತ್ರ ಮೊದಲಿಗಿಂತ ಕಷ್ಟವಾಯಿತು. ಮಾತು ಬಂದಾಗ ವಾಲ್ಯೂಮ್ ಏರಿಸುತ್ತಿದ್ದರು, ಹೊಡೆದಾಟ ಬಂದಾಗ ಗಡಬಡಿಸಿ ಇಳಿಸುತ್ತಿದ್ದರು. ರಿಮೋಟ್ ಕೈಯಿಂದ ಬಿಡುತ್ತಲೇ ಇರಲಿಲ್ಲ. "ಯಾರೋ ಹಿಂದೆ ನಿಂತು ಮಾತಾಡಿದ ಹಾಗಿದೆ" ಅಂತ ಒಂದು ದಿನ ಹೇಳಿದರು. ಸರೌಂಡ್ ಅಂದರೆ ಹಾಗೇ ಅಪ್ಪ, ಅಂದೆ. ಆ ಮಾತನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ. ಅವರು ತೊಂದರೆ ಏನು ಅಂತ ಸರಿಯಾಗಿ ಹೇಳಿಬಿಟ್ಟಿದ್ದರು, ನನಗೆ ಅರ್ಥವಾಗಿರಲಿಲ್ಲ. ಅವರ ಕಿವಿ ಮಂದವಾಗಿದೆ ಅಂದುಕೊಂಡು ಡಾಕ್ಟರ ಹತ್ತಿರವೂ ಕರೆದುಕೊಂಡು ಹೋದೆ. ವಯಸ್ಸಿಗೆ ತಕ್ಕ ಹಾಗೆ ಚೆನ್ನಾಗಿಯೇ ಇದೆ ಅಂದರು. ಸ್ವಲ್ಪ ದಿನ ಕಳೆದ ಮೇಲೆ ಅಪ್ಪ ಹಾಲ್‌ನಲ್ಲಿ ಸಿನಿಮಾ ನೋಡುವುದನ್ನೇ ಬಿಟ್ಟರು. ತಮ್ಮ ರೂಮಿನ ಚಿಕ್ಕ ಹಳೇ ಟಿವಿ ಮುಂದೆ ಕೂರುತ್ತಿದ್ದರು.

ಒಂದೂವರೆ ವರ್ಷ ಹೀಗೇ ಹೋಯಿತು. ಆಮೇಲೆ ಒಮ್ಮೆ ಗೆಳೆಯನ ಮನೆಗೆ ಹೋದೆವು. ಅವನ ಹತ್ತಿರ ಇದ್ದದ್ದು ಒಂದು ಹಳೆಯ ಆಂಪ್ಲಿಫೈಯರ್, ಎರಡು ಮರದ ಸ್ಪೀಕರ್. ಎರಡೇ ಎರಡು. ಅಪ್ಪ ಎರಡು ಗಂಟೆ ಕೂತು ಸಿನಿಮಾ ನೋಡಿದರು. ಒಂದು ಸಲವೂ "ಏನಂದ?" ಅಂತ ಕೇಳಲಿಲ್ಲ.

ಮನೆಗೆ ಬಂದ ರಾತ್ರಿಯೇ ಯೂಟ್ಯೂಬ್‌ನಲ್ಲಿ ಸ್ಪೀಕರ್ ಪರೀಕ್ಷೆಯ ವಿಡಿಯೊ ಹಾಕಿದೆ. ಒಂದೊಂದೇ ಸ್ಪೀಕರಿನ ಹೆಸರು ಹೇಳುತ್ತಾ ಹೋಗುತ್ತದಲ್ಲ, ಅದು. "ಮುಂದಿನ ಎಡ" ಅಂದಾಗ ಮುಂದಿನ ಎಡ, ಹಿಂದಿನ ಎಡ, ನಡುವಿನದು ಮೂರೂ ಸದ್ದು ಮಾಡಿದವು. "ಹಿಂದಿನ ಎಡ" ಅಂದಾಗಲೂ ಅವೇ ಮೂರು. "ಸೆಂಟರ್" ಅಂದಾಗ ಐದೂ ಒಟ್ಟಿಗೆ ಕೂಗಿದವು. ವಿಡಿಯೊದ ತಪ್ಪಿರಬಹುದು ಅಂತ 5.1 ಅಂತ ಬರೆದಿದ್ದ ಸಿನಿಮಾ ಹಾಕಿ ನೋಡಿದೆ. ಅದರಲ್ಲೂ ಅದೇ ಕಥೆ. ಆಗ ಮೊದಲ ಸಲ ಆ ಸಬ್‌ವೂಫರ್ ಡಬ್ಬವನ್ನು ತಿರುಗಿಸಿ ಅದರ ಬೆನ್ನು ನೋಡಿದೆ. ಸದ್ದು ಒಳಗೆ ಬರಲು ಇದ್ದದ್ದು ಒಂದು ಕೆಂಪು, ಒಂದು ಬಿಳಿ ಆಕ್ಸ್ ತೂತು. ಜೊತೆಗೆ ಯುಎಸ್‌ಬಿ, ಬ್ಲೂಟೂತ್. ಅಷ್ಟೇ.

ನಾನು ಮಾಡಿದ ತಪ್ಪು ಇದೇ. ಇದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ಕಡಿಮೆ ದುಡ್ಡಿನ 5.1 ಹುಡುಕುವವರಲ್ಲಿ ತುಂಬಾ ಜನ ಇಲ್ಲೇ ಎಡವುತ್ತಾರೆ.

5.1 ಅನ್ನುವುದು ಸ್ಪೀಕರ್ ಲೆಕ್ಕ ಅಂದುಕೊಂಡಿದ್ದೆ. ಅದು ಸಿನಿಮಾದ ಸದ್ದಿನ ಲೆಕ್ಕ. ಸಿನಿಮಾ ಮಾಡುವವರು ಸದ್ದನ್ನು ಆರು ಎಳೆಯಾಗಿ ಬೇರೆ ಬೇರೆ ಇಡುತ್ತಾರೆ. ಮುಂದಿನ ಎಡ, ಮುಂದಿನ ಬಲ, ನಡು, ಸರೌಂಡ್ ಎಡ, ಸರೌಂಡ್ ಬಲ. ಆರನೆಯದು ಗುಡುಗು, ಸ್ಫೋಟದಂಥ ತಗ್ಗಿನ ಸದ್ದಿಗೆ. ಅದು ಸುಮಾರು 120 ಹರ್ಟ್ಸ್‌ವರೆಗೆ ಮಾತ್ರ ಇರುವುದರಿಂದ ಅದನ್ನು ಪೂರ್ತಿ ಒಂದು ಅಂತ ಎಣಿಸದೆ .1 ಅನ್ನುತ್ತಾರೆ. ಮಾತಿನ ಬಹುಪಾಲು ಇರುವುದು ನಡುವಿನ ಎಳೆಯಲ್ಲಿ. ಈ ಆರನ್ನೂ ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ಅನ್ನುವ ಗಂಟು ಕಟ್ಟಿ ಕಳಿಸುತ್ತಾರೆ. ಗಂಟು ಬಿಚ್ಚಲು ಡೀಕೋಡರ್ ಬೇಕು. ಗಂಟು ಹಾಗೇ ಬಂದು ಸೇರಲು ಎಚ್‌ಡಿಎಂಐ, ಆಪ್ಟಿಕಲ್‌ನಂಥ ಡಿಜಿಟಲ್ ವೈರ್ ಬೇಕು.

ನನ್ನ ಡಬ್ಬದಲ್ಲಿ ಡೀಕೋಡರೂ ಇರಲಿಲ್ಲ, ಆ ತೂತುಗಳೂ ಇರಲಿಲ್ಲ. ಕೆಂಪು ಬಿಳಿ ವೈರಿನಲ್ಲಿ ಎಡ, ಬಲ ಎರಡೇ ಎಳೆ ಹೋಗುತ್ತವೆ. ಆದ್ದರಿಂದ ಟಿವಿ ಮೊದಲೇ ಆರನ್ನೂ ಕಲಸಿ ಎರಡು ಮಾಡಿ ಕಳಿಸುತ್ತಿತ್ತು. ಡಬ್ಬ ಆ ಎರಡನ್ನೇ ಐದು ಸ್ಪೀಕರಿಗೂ ಹಂಚುತ್ತಿತ್ತು. ಬ್ಲೂಟೂತ್‌ನಲ್ಲಿ ಕೊಟ್ಟರೂ ಎರಡೇ. ಎರಡು ಎಳೆಯ ಒಳಗೇ ಹಿಂದಿನ ಸದ್ದನ್ನು ಬಚ್ಚಿಟ್ಟು, ಆಮೇಲೆ ಬಿಡಿಸುವ ಡಾಲ್ಬಿ ಪ್ರೊ ಲಾಜಿಕ್ ಅನ್ನುವ ತಂತ್ರ 1987ರಿಂದಲೇ ಮನೆಬಳಕೆಗೆ ಇದೆ. ನನ್ನದರಲ್ಲಿ ಅದೂ ಇರಲಿಲ್ಲ.

ಅಪ್ಪನಿಗೆ ಆಗಿದ್ದೇನು ಅಂತ ಈಗ ನೋಡಿ. ಅವರು ಕೂರುತ್ತಿದ್ದ ಜಾಗದಿಂದ ಹಿಂದಿನ ಸ್ಪೀಕರ್ ಒಂದು ಮೀಟರ್ ದೂರ, ಮುಂದಿನದು ಮೂರೂವರೆ ಮೀಟರ್. ಸದ್ದು ಒಂದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಅಂದರೆ ಅದೇ ಮಾತು ಹಿಂದಿನಿಂದ 7 ಮಿಲಿಸೆಕೆಂಡ್ ಮೊದಲೇ ಅವರನ್ನು ಮುಟ್ಟುತ್ತಿತ್ತು, ಅದೂ ಜೋರಾಗಿ. ಒಂದೇ ಸದ್ದು ಎರಡು ಕಡೆಯಿಂದ ಇಷ್ಟು ಸಣ್ಣ ಅಂತರದಲ್ಲಿ ಬಂದರೆ, ಯಾವ ಕಡೆಯಿಂದ ಮೊದಲು ಬಂತೋ ಅಲ್ಲಿಂದಲೇ ಬರುತ್ತಿದೆ ಅಂತ ಕಿವಿ ತೀರ್ಮಾನ ಮಾಡುತ್ತದೆ. ತುಟಿ ಆಡುವುದು ಮುಂದೆ, ಮಾತು ಬರುವುದು ಬೆನ್ನ ಹಿಂದಿನಿಂದ. ಮಾತಿಗೆ ಮೀಸಲಾಗಿದ್ದ ನಡುವಿನ ಎಳೆ ಸಂಗೀತ, ಗದ್ದಲದ ಜೊತೆ ಮೊದಲೇ ಕಲಸಿಹೋಗಿತ್ತು. ಬರೀ ಸೆಂಟರ್ ಏರಿಸೋಣ ಅಂದರೆ ಅದರಲ್ಲೂ ಅದೇ ಕಲಸಿದ ಸದ್ದು. ಯಾವ ಕಿವಿಗಾದರೂ ಕಷ್ಟವೇ ಅಲ್ವಾ?

ದುಡ್ಡೂ ಪೂರ್ತಿ ಹೋಯಿತು. ಆಂಪ್ಲಿಫೈಯರ್ ಇದ್ದದ್ದು ಸಬ್‌ವೂಫರ್ ಡಬ್ಬದ ಒಳಗೆ. ಸ್ಪೀಕರ್ ವೈರಿನ ತುದಿಗಳು ಆ ಡಬ್ಬಕ್ಕೆ ಮಾತ್ರ ಹೊಂದುವಂಥವು. ಒಂದನ್ನೂ ಬಿಚ್ಚಿ ಬೇರೆ ಕಡೆ ಬಳಸಲು ಆಗಲಿಲ್ಲ.

ಆಮೇಲೆ ನಾನು ಇನ್ನೊಂದು 5.1 ತರಲಿಲ್ಲ. ನೀವೂ ತರಬೇಡಿ ಅಂತಲೇ ಹೇಳುತ್ತೇನೆ. ಸಣ್ಣ ಮೊತ್ತವನ್ನು ಆರು ಸ್ಪೀಕರ್, ಆಂಪ್ಲಿಫೈಯರ್, ವೈರುಗಳಿಗೆ ಹಂಚಿದರೆ ಒಂದೊಂದರ ಪಾಲಿಗೆ ಏನು ಬರುತ್ತದೆ? ಅದೇ ದುಡ್ಡಿಗೆ ಎರಡು ಒಳ್ಳೆಯ ಸ್ಪೀಕರ್ ಬರುತ್ತವೆ. ನಿಮಗೆ ಬೇಕಾಗಿರುವುದು ಮಾತು ಸ್ಪಷ್ಟವಾಗಿ ಕೇಳಿಸುವುದು ಅಂತ ನೀವೇ ಬರೆದಿದ್ದೀರಿ. ಅದಕ್ಕೆ ಹಿಂದಿನ ಸ್ಪೀಕರಿನಿಂದ ಏನೂ ಉಪಯೋಗ ಇಲ್ಲ.

ನಾನು ಒಂದು ಸೆಕೆಂಡ್ ಹ್ಯಾಂಡ್ ಎವಿ ರಿಸೀವರ್ ತಗೊಂಡೆ, ಅಂದರೆ ಡೀಕೋಡರ್, ಆಂಪ್ಲಿಫೈಯರ್ ಎರಡೂ ಒಳಗೇ ಇರುವ ಡಬ್ಬ. ಐದು ಸ್ಪೀಕರ್ ಹಾಕುವ ಜಾಗ ಇದ್ದದ್ದು, ಎಚ್‌ಡಿಎಂಐ ಎಆರ್‌ಸಿ, ಅಂದರೆ ಟಿವಿಯ ಸದ್ದನ್ನು ಎಚ್‌ಡಿಎಂಐ ವೈರಿನಲ್ಲೇ ರಿಸೀವರಿಗೆ ಕಳಿಸುವ ವ್ಯವಸ್ಥೆ ಇದ್ದದ್ದು. ಜೊತೆಗೆ ಕಪಾಟಿನಲ್ಲಿ ಇಡುವಷ್ಟು ಚಿಕ್ಕ ಬುಕ್‌ಶೆಲ್ಫ್ ಸ್ಪೀಕರ್ ಎರಡು ಮಾತ್ರ. ರಿಸೀವರಿನ ಸೆಟ್ಟಿಂಗ್‌ನಲ್ಲಿ ಸೆಂಟರ್ ಇಲ್ಲ ಅಂತ ಹೇಳಿದರೆ ಅದು ನಡುವಿನ ಎಳೆಯನ್ನು ಎಡಕ್ಕೂ ಬಲಕ್ಕೂ ಸಮವಾಗಿ ಕೊಡುತ್ತದೆ. ಎರಡರ ನಡುವೆ ಕೂತರೆ ಮಾತು ಪರದೆಯ ಮಧ್ಯದಿಂದಲೇ ಬಂದ ಹಾಗಿರುತ್ತದೆ. ಮೊದಲ ದಿನವೇ ಅಪ್ಪ ಹಾಲ್‌ಗೆ ಬಂದು ಕೂತರು. ಅವರು ಸೋಫಾದ ಮೂಲೆಯಲ್ಲೇ ಕೂರುವವರು, ಅಲ್ಲಿಂದ ಮಾತು ಒಂದು ಪಕ್ಕಕ್ಕೆ ವಾಲಿದ ಹಾಗೆ ಕೇಳುತ್ತಿತ್ತು. ಅದಕ್ಕೆ ಏಳೆಂಟು ತಿಂಗಳ ನಂತರ ಸೆಂಟರ್ ಸ್ಪೀಕರ್ ತಂದೆ. ಎಲ್ಲಕ್ಕಿಂತ ಸಾರ್ಥಕವಾದ ಖರ್ಚು ಅದು. ಈಗ ಮಾತಿನ ಎಳೆ ಬೇರೆಯಾಗಿಯೇ ಬರುತ್ತದಾದ್ದರಿಂದ ಸೆಂಟರನ್ನು ಮಾತ್ರ 3 ಡೆಸಿಬೆಲ್ ಏರಿಸಿ ಇಟ್ಟಿದ್ದೇನೆ. ಆಮೇಲೆ ಸಬ್‌ವೂಫರ್ ಬಂತು. ಸರೌಂಡ್ ಬಂದದ್ದು ಕೊನೆಗೆ, ಎರಡು ವರ್ಷ ಆದ ಮೇಲೆ.

ರಿಸೀವರ್ ಜೊತೆ ಸಾಮಾನ್ಯವಾಗಿ ಒಂದು ಚಿಕ್ಕ ಮೈಕ್ ಬರುತ್ತದೆ. ಕೂರುವ ಜಾಗದಲ್ಲಿ ಅದನ್ನಿಟ್ಟರೆ ಪ್ರತಿ ಸ್ಪೀಕರಿನ ದೂರ ಅಳೆದು, ಎಲ್ಲದರ ಸದ್ದೂ ಒಟ್ಟಿಗೆ ಬರುವ ಹಾಗೆ ತಾನೇ ಹೊಂದಿಸುತ್ತದೆ. ಯಮಹಾದಲ್ಲಿ ಇದಕ್ಕೆ ವೈಪಿಎಒ ಅನ್ನುತ್ತಾರೆ, ಡೆನಾನ್‌ನಲ್ಲಿ ಆಡಿಸ್ಸಿ. ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಈ ಮೈಕ್ ಕೇಳಿ ಪಡೆದುಕೊಳ್ಳಿ, ತುಂಬಾ ಜನ ಕಳೆದುಹಾಕಿರುತ್ತಾರೆ.

ವ್ಯಾಟ್ ಬಗ್ಗೆ ಕೇಳಿದ್ದೀರಿ. ತಲೆ ಕೆಡಿಸಿಕೊಳ್ಳಬೇಡಿ. ಪಿಎಂಪಿಒ ಅಂತ ಸಾವಿರಗಳಲ್ಲಿ ಬರೆದಿದ್ದರೆ ಅದನ್ನು ಓದಲೇಬೇಡಿ, ಅದಕ್ಕೆ ಒಂದು ಕಟ್ಟುನಿಟ್ಟಾದ ಅಳತೆಯೇ ಇಲ್ಲ. ಆರ್‌ಎಂಎಸ್, ಅಂದರೆ ಬಿಡದೆ ಕೊಡಬಲ್ಲ ವ್ಯಾಟ್ ಎಷ್ಟು ಅಂತ ಮಾತ್ರ ನೋಡಿ. ವ್ಯಾಟ್ ದುಪ್ಪಟ್ಟು ಮಾಡಿದರೆ ಜಾಸ್ತಿಯಾಗುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ದುಪ್ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಸಾಧಾರಣ ಸ್ಪೀಕರ್ ಒಂದೇ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 85ರಿಂದ 88 ಡೆಸಿಬೆಲ್ ಸದ್ದು ಮಾಡುತ್ತದೆ. ಮನೆಯ ಹಾಲ್‌ನಲ್ಲಿ ಮಾತು ಕೇಳಲು ಅದು ಧಾರಾಳ. ನನ್ನ ಹಳೆಯ ಡಬ್ಬದಲ್ಲಿ ವ್ಯಾಟ್‌ಗೆ ಕೊರತೆ ಇರಲಿಲ್ಲ.

ಟಿವಿಯ ಕೆಳಗೆ ಇಡುವ ಉದ್ದನೆಯ ಸ್ಪೀಕರ್ ಪಟ್ಟಿ, ಸೌಂಡ್‌ಬಾರ್, ಆಗುತ್ತದಾ ಅಂತಲೂ ಕೇಳಿದ್ದೀರಿ. ವೈರ್ ಎಳೆಯಲು ಸಾಧ್ಯವೇ ಇಲ್ಲದ ಮನೆಯಾದರೆ ತಗೊಳ್ಳಿ, ಆದರೆ ನಡುವಿಗೆ ಬೇರೆ ಸ್ಪೀಕರ್ ಇರುವ 3.1 ತಗೊಳ್ಳಿ, ಎಆರ್‌ಸಿಯಲ್ಲೇ ಜೋಡಿಸಿ. ನನಗೆ ಅದು ಇಷ್ಟವಿಲ್ಲದಿರುವುದಕ್ಕೆ ಕಾರಣ, ಅದನ್ನು ಬೆಳೆಸಲು ಆಗುವುದಿಲ್ಲ. ಹೆಚ್ಚೆಂದರೆ ಅದೇ ಕಂಪನಿಯ ಹಿಂದಿನ ಸ್ಪೀಕರ್ ಸೇರಿಸಬಹುದು. ಮೇಲಿನಿಂದಲೂ ಸದ್ದು ಬರಿಸುವ ಡಾಲ್ಬಿ ತಂತ್ರ ಅಟ್ಮಾಸ್, ಅದರ ಸ್ಟಿಕರ್‌ಗಂತೂ ಈ ಬಜೆಟ್‌ನಲ್ಲಿ ಒಂದು ಪೈಸೆಯೂ ಜಾಸ್ತಿ ಕೊಡಬೇಡಿ.

ಏನೇ ತಂದರೂ ಟಿವಿಯ ಸೌಂಡ್ ಸೆಟ್ಟಿಂಗ್ ಒಳಗೆ ಹೋಗಿ ಡಿಜಿಟಲ್ ಔಟ್‌ಪುಟ್ ನೋಡಿ. ಪಿಸಿಎಂ ಅಂತ ಇದ್ದರೆ ಟಿವಿಯೇ ಗಂಟು ಬಿಚ್ಚುತ್ತದೆ, ಎಷ್ಟೋ ಟಿವಿಗಳು ಎರಡೇ ಎಳೆ ಕಳಿಸುತ್ತವೆ. ನನ್ನ ಹೊಸ ರಿಸೀವರಿನಲ್ಲೂ ಮೊದಲ ವಾರ ಹೀಗೇ ಆಗಿತ್ತು. ಗಂಟನ್ನು ಹಾಗೇ ಕಳಿಸುವ ಬಿಟ್‌ಸ್ಟ್ರೀಮ್ ಅಥವಾ ಪಾಸ್‌ಥ್ರೂ ಅಂತ ಬದಲಿಸಿದ ಮೇಲೆ ರಿಸೀವರಿನ ಮುಖದ ಮೇಲೆ ಡಾಲ್ಬಿ ಡಿಜಿಟಲ್ ಅಂತ ಬಂತು. ಸರೌಂಡ್ ಹಾಕುವ ಕಾಲ ಬಂದರೆ ಅವನ್ನು ತಲೆಯ ಹಿಂದಿನ ಗೋಡೆಗೆ ಹೊಡೆಯಬೇಡಿ. ಕೂತವರ ಪಕ್ಕದಿಂದ ಸ್ವಲ್ಪ ಹಿಂದಕ್ಕೆ, ನೇರ ಮುಂದಿನಿಂದ ಲೆಕ್ಕ ಹಾಕಿದರೆ 110 ಡಿಗ್ರಿ ಹತ್ತಿರ, ಕಿವಿಯ ಮಟ್ಟಕ್ಕಿಂತ ಚೂರು ಮೇಲೆ ಇರಲಿ. ನನ್ನ ಹಿಂದಿನ ಗೋಡೆಯಲ್ಲಿ ಆ ಹಳೆಯ ನಾಲ್ಕು ತೂತು ಹಾಗೇ ಉಳಿದಿವೆ.

ಈಗ ನೀವು ಒಂದು ಕೆಲಸ ಮಾಡಿ. ಟಿವಿಯ ಹಿಂದೆ ಟಾರ್ಚ್ ಹಿಡಿದು ಎಚ್‌ಡಿಎಂಐ ತೂತುಗಳನ್ನು ನೋಡಿ. ಒಂದರ ಪಕ್ಕ ಎಆರ್‌ಸಿ ಅಥವಾ ಅದರ ಹೊಸ ರೂಪವಾದ ಇಎಆರ್‌ಸಿ ಅಂತ ಇರಬೇಕು. ಎಆರ್‌ಸಿ ಬಂದದ್ದು 2009ರಲ್ಲಿ, ಹಾಗಾಗಿ ತೀರಾ ಹಳೆಯ ಟಿವಿ ಅಲ್ಲದಿದ್ದರೆ ಸಾಮಾನ್ಯವಾಗಿ ಇರುತ್ತದೆ. ಇಲ್ಲದಿದ್ದರೆ ಆಪ್ಟಿಕಲ್ ಇದೆಯಾ ನೋಡಿ, ಚೌಕಾಕಾರದ ಪುಟ್ಟ ತೂತು. ಏನಿದೆ ಅಂತ ಇಲ್ಲೇ ಕೆಳಗೆ ಬರೆಯಿರಿ. ಮನೆಯಲ್ಲಿ ಯಾರಿಗೆ ಮಾತು ಕೇಳಿಸುತ್ತಿಲ್ಲ, ಅವರು ಎಲ್ಲಿ ಕೂರುತ್ತಾರೆ ಅನ್ನುವುದನ್ನೂ ಬರೆಯಿರಿ. ಅದನ್ನು ನೋಡಿ ಯಾವ ರಿಸೀವರ್ ಹುಡುಕಬೇಕು ಅಂತ ಹೇಳುತ್ತೇನೆ.