ಹೆಸರಿಗಷ್ಟೇ ಟ್ರಸ್ಟಿ ಆದರೆ ಕಾನೂನಿನ ತೊಂದರೆ ಇರುವುದಿಲ್ಲ ಅಲ್ವಾ?

ಇರುತ್ತದೆ. ಗೆಳೆಯರ ಕುಟುಂಬದ ಟ್ರಸ್ಟ್, ಕೆಲಸವೆಲ್ಲ ಇನ್ನೊಬ್ಬರದು, ನಿಮ್ಮದು ಬರೀ ಸಹಿ ಅಂತ ಬರೆದಿದ್ದೀರಿ. ಡೀಡ್‌ನಲ್ಲಿ, ಅಂದರೆ ಟ್ರಸ್ಟ್‌ನ ನಿಯಮಗಳನ್ನು ಬರೆದಿಡುವ ಪತ್ರದಲ್ಲಿ, ಯಾವ ರಕ್ಷಣೆಯ ಕಲಂ ಹಾಕಿಸಲಿ, ಯಾವ ವಿಮೆ ಮಾಡಿಸಲಿ ಅಂತ ಕೇಳಿದ್ದೀರಿ. ನನಗೂ ಹಾಗೇ ಹೇಳಿದ್ದರು: "ನೀವು ಸುಮ್ನೆ ಹೆಸರಿಗೆ ಇರಿ, ಸಾಕು."

ನನ್ನ ಗೆಳೆಯ ಕಾಯಿಲೆ ಬಿದ್ದಾಗ ಇಬ್ಬರು ಮಕ್ಕಳಿಗಾಗಿ ಟ್ರಸ್ಟ್ ಮಾಡಿದ್ದ. ಟ್ರಸ್ಟಿಗಳು ಇಬ್ಬರೇ. ಒಬ್ಬ ನಾನು, ಇನ್ನೊಬ್ಬರು ಅವನ ಸಂಬಂಧಿ, ವ್ಯಾಪಾರಸ್ಥರು. ಲೆಕ್ಕ, ಬ್ಯಾಂಕು, ಹೂಡಿಕೆ ಎಲ್ಲ ಅವರ ಕೈಯಲ್ಲಿ. ಕೆಲವು ತಿಂಗಳಿಗೊಮ್ಮೆ ನನಗೊಂದು ಲಕೋಟೆ ಬರುತ್ತಿತ್ತು. ಸಹಿ ಹಾಕಬೇಕಾದ ಜಾಗದಲ್ಲೆಲ್ಲ ಹಳದಿ ಚೀಟಿ ಅಂಟಿಸಿರುತ್ತಿದ್ದರು. ನಾನು ಓದುತ್ತಿದ್ದದ್ದು ಆ ಚೀಟಿಗಳನ್ನು ಮಾತ್ರ.

ಮೂರನೇ ವರ್ಷ ಬಂದ ಒಂದು ಕಾಗದವನ್ನು, ಅದೇನು ಪುಣ್ಯವೋ ಪಾಪವೋ, ಪೂರ್ತಿ ಓದಿದೆ. ಟ್ರಸ್ಟ್‌ನ ಠೇವಣಿ ಮುರಿದು ಒಂದು ಕಂಪನಿಗೆ ಸಾಲ ಕೊಡುವ ನಿರ್ಣಯ ಅದು. ಆ ಕಂಪನಿಯಲ್ಲಿ ಅವರ ಭಾವಮೈದುನನ ಪಾಲು ಇರುವುದು ನನಗೆ ಗೊತ್ತಿತ್ತು. ಫೋನ್ ಮಾಡಿ "ಇದು ನನಗೆ ಸರಿ ಕಾಣುತ್ತಿಲ್ಲ" ಅಂದೆ. "ಬ್ಯಾಂಕಿಗಿಂತ ಜಾಸ್ತಿ ಬಡ್ಡಿ ಬರುತ್ತೆ, ಮಕ್ಕಳಿಗೇ ಒಳ್ಳೆಯದು. ನಿಮಗೆ ನನ್ನ ಮೇಲೆ ನಂಬಿಕೆ ಇಲ್ವಾ?" ಅಂದರು. ಅಲ್ಲಿಗೆ ನನ್ನ ಬಾಯಿ ಮುಚ್ಚಿತು. ಸಹಿ ಹಾಕಿ ಕಳಿಸಿದೆ.

ಈ ತಪ್ಪನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ವರ್ಷಗಟ್ಟಲೆ ನನಗೇ ಇದು ಸರಿಯಾಗಿ ಅರ್ಥವಾಗಿರಲಿಲ್ಲ. ಸಹಿ ಹಾಕಿದ್ದು ತಪ್ಪು, ಸರಿ. ಆದರೆ ನಾನು ಆಕ್ಷೇಪ ಎತ್ತಿದ್ದೆನಲ್ಲ, ಅದು ನನ್ನನ್ನು ಕಾಪಾಡುತ್ತದೆ ಅಂತ ನಂಬಿಕೊಂಡಿದ್ದೆ. ಆಮೇಲೆ ವಕೀಲರ ಮುಂದೆ ಕೂತು ಹೆಮ್ಮೆಯಿಂದಲೇ ಆ ಫೋನ್ ವಿಷಯ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. "ಅಂದರೆ ಇದು ತಪ್ಪು ಅಂತ ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಸಹಿ ಹಾಕಿದಿರಿ" ಅಂದರು.

ನಡಾವಳಿ ಪುಸ್ತಕದಲ್ಲಿ "ಇಬ್ಬರೂ ಒಪ್ಪಿ ತೀರ್ಮಾನಿಸಲಾಯಿತು" ಅಂತಿತ್ತು. ನನ್ನ ಆಕ್ಷೇಪ ಎಲ್ಲೂ ಇರಲಿಲ್ಲ. ಗೊತ್ತಿಲ್ಲದೆ ಸಹಿ ಹಾಕಿದ್ದರೆ ಅಜಾಗರೂಕತೆ ಅನ್ನಿಸಿಕೊಳ್ಳುತ್ತಿತ್ತು. ಗೊತ್ತಿದ್ದು ಹಾಕಿದ್ದು ಅದಕ್ಕಿಂತ ಕೆಟ್ಟದ್ದು. ನೀವು ಕೇಳುತ್ತಿರುವ ರಕ್ಷಣೆಯ ಕಲಂ ನಮ್ಮ ಡೀಡ್‌ನಲ್ಲೂ ಇತ್ತು, ಪ್ರಾಮಾಣಿಕವಾಗಿ ನಡೆದುಕೊಂಡ ಟ್ರಸ್ಟಿ ನಷ್ಟಕ್ಕೆ ಹೊಣೆಯಲ್ಲ ಅಂತ. 1997ರಲ್ಲಿ ಇಂಗ್ಲೆಂಡಿನ ಆರ್ಮಿಟೇಜ್ ವಿರುದ್ಧ ನರ್ಸ್ ಪ್ರಕರಣದಲ್ಲಿ ಮೇಲ್ಮನವಿ ಕೋರ್ಟು, ಇಂಥ ಕಲಂ ದೊಡ್ಡ ಅಜಾಗರೂಕತೆಯನ್ನೂ ಮನ್ನಿಸಬಹುದು, ಆದರೆ ಅಪ್ರಾಮಾಣಿಕತೆಯನ್ನು ಮನ್ನಿಸುವಂತಿಲ್ಲ ಅಂದಿತು. ನನ್ನ ಫೋನ್ ಕರೆ ನನ್ನನ್ನು ಆ ಗೆರೆಯ ಹತ್ತಿರಕ್ಕೇ ತಳ್ಳಿತ್ತು.

ಅದೇ ಮಾತನ್ನು ಎರಡು ಸಾಲಿನಲ್ಲಿ ಬರೆದು ಕಳಿಸಿ, ಸಹಿ ಹಾಕದೆ ಕೂತಿದ್ದರೆ? ಠೇವಣಿ ಅಲ್ಲೇ ಉಳಿಯುತ್ತಿತ್ತು, ಏಕೆಂದರೆ ನಮ್ಮ ಡೀಡ್ ಪ್ರಕಾರ ಇಬ್ಬರ ಸಹಿಯೂ ಬೇಕಿತ್ತು. ಇದು ನನಗೆ ತಿಳಿದದ್ದು ನೋಟಿಸ್ ಬಂದ ಮೇಲೆ. ಡೀಡ್ ಓದಿದ್ದೇ ಆಗ.

ಕಂಪನಿ ಮುಳುಗಿತು. ಸಹ ಟ್ರಸ್ಟಿಯೂ ದಿವಾಳಿಯಾದರು. ನಾನು ರಾಜೀನಾಮೆ ಕೊಟ್ಟೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ! ರಾಜೀನಾಮೆ ಮುಂದಿನದಕ್ಕೆ ಮಾತ್ರ, ಹಿಂದಿನ ತಪ್ಪು ಬೆನ್ನಿಗೇ ಇರುತ್ತದೆ. ಗೆಳೆಯನ ಮಗಳು ವಯಸ್ಕಳಾದ ಕೂಡಲೇ ಲೆಕ್ಕ ಕೇಳಿದಳು. ಕೇಳಬೇಕಾದ್ದೇ. ಟ್ರಸ್ಟಿಗಳ ಹೊಣೆ ಒಟ್ಟಾಗಿಯೂ ಹೌದು, ಒಬ್ಬೊಬ್ಬರ ಮೇಲೆ ಪೂರ್ತಿಯಾಗಿಯೂ ಹೌದು. ಇಬ್ಬರಿದ್ದೀರಿ, ಅರ್ಧ ಅರ್ಧ ಅನ್ನುವ ಲೆಕ್ಕ ಮಕ್ಕಳ ಎದುರು ನಡೆಯುವುದಿಲ್ಲ. ಯಾರ ಹತ್ತಿರ ಹಣ ಇದೆಯೋ ಅವರಿಂದ ಪೂರ್ತಿ ವಸೂಲಿ ಮಾಡಬಹುದು. ಹಣ ಇದ್ದದ್ದು ನನ್ನ ಹತ್ತಿರ. ಕೊನೆಗೆ ರಾಜಿಯಾಯಿತು, ನಾಲ್ಕು ವರ್ಷ ಕಂತು ಕಟ್ಟಿದೆ.

"ಕೆಲಸ ಮಾಡಿದವರು ಅವರು, ಅವರೇ ಹೊರಲಿ" ಅಂತ ನೀವು ಅನ್ನಬಹುದು. 1886ರಲ್ಲೇ ಬಾಹಿನ್ ವಿರುದ್ಧ ಹ್ಯೂಸ್ ಅನ್ನುವ ಪ್ರಕರಣದಲ್ಲಿ ಇಂಗ್ಲೆಂಡಿನ ಕೋರ್ಟಿನ ಮುಂದೆ ಇದೇ ವಾದ ಬಂದಿತ್ತು. ಹೂಡಿಕೆಯೆಲ್ಲ ಒಬ್ಬ ಟ್ರಸ್ಟಿ ನೋಡಿಕೊಂಡಿದ್ದರು, ಉಳಿದವರು ಸುಮ್ಮನಿದ್ದರು. ಸುಮ್ಮನಿದ್ದವರೂ ಹೊಣೆ, ನಷ್ಟವನ್ನೆಲ್ಲ ಕೆಲಸ ಮಾಡಿದವರ ತಲೆಗೆ ಕಟ್ಟುವಂತಿಲ್ಲ ಅಂತ ತೀರ್ಪಾಯಿತು. ಮಾಡಿದ್ದುಣ್ಣೋ ಮಹಾರಾಯ ಅಂತಾರೆ. ಟ್ರಸ್ಟಿಯಾದವನು ಮಾಡದೇ ಬಿಟ್ಟದ್ದನ್ನೂ ಉಣ್ಣಬೇಕು.

ಹಾಗಾಗಿ ಕಲಂ, ವಿಮೆ ಅಂತ ಶುರು ಮಾಡಬೇಡಿ. ವಿಮೆ ಬೇಕಾದರೆ ಮಾಡಿಸಿ, ಆದರೆ ಬೇಕೆಂದೇ ಮಾಡಿದ ತಪ್ಪಿಗೆ ಅದು ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಮೊದಲು ಒಪ್ಪಬೇಕೋ ಬೇಡವೋ ಅಂತ ಯೋಚಿಸಿ. ತಿಂಗಳಿಗೆ ಒಂದು ಸಂಜೆ ಕೂತು ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಲು ಆಗದಿದ್ದರೆ ಬೇಡ ಅನ್ನಿ. ಗೆಳೆತನಕ್ಕೆ ಬೇಜಾರಾದರೆ ಆಗಲಿ.

ಒಪ್ಪುವುದಾದರೆ ಸ್ಟೇಟ್‌ಮೆಂಟ್ ಬ್ಯಾಂಕಿನಿಂದ ನೇರವಾಗಿ ನಿಮಗೇ ಬರಬೇಕು, ಅವರು ಟೈಪ್ ಮಾಡಿಸಿದ ಪಟ್ಟಿ ಬೇಡ. ಖಾಲಿ ಚೆಕ್ಕಿಗೆ ಸಹಿ ಯಾವ ಕಾರಣಕ್ಕೂ ಬೇಡ. ಟ್ರಸ್ಟ್ ಹಣ ಯಾವ ಟ್ರಸ್ಟಿಯ ಸ್ವಂತ ಖಾತೆಗೂ ಒಂದು ದಿನವೂ ಹೋಗಬಾರದು. ಟ್ರಸ್ಟಿಗಾಗಲಿ ಅವರ ನೆಂಟರಿಗಾಗಲಿ ಲಾಭವಾಗುವ ವ್ಯವಹಾರ ಬಂದರೆ ಅಲ್ಲೇ ನಿಲ್ಲಿಸಿ. ಬೆಲೆ ನ್ಯಾಯವಾಗಿಯೇ ಇದೆ ಅನ್ನುವ ಮಾತು ಉಪಯೋಗಕ್ಕೆ ಬರುವುದಿಲ್ಲ. ಸಲಹೆಗಾರರನ್ನು ಇಟ್ಟುಕೊಳ್ಳಬಹುದು, ಅವರ ಮೇಲೆ ಕಣ್ಣಿಡುವುದು ಮಾತ್ರ ನಿಮ್ಮದೇ ಕೆಲಸ. ಒಪ್ಪದಿದ್ದರೆ ನಡಾವಳಿಯಲ್ಲಿ ಬರೆಸಿ. ಅವರು ಬರೆಯದಿದ್ದರೆ ನೀವೇ ಅವತ್ತೇ ಇಮೇಲ್ ಹಾಕಿ. ಬರೆದು ಸುಮ್ಮನಾದರೂ ಸಾಲದು, ಹಣ ಹೋಗುತ್ತಿದ್ದರೆ ತಡೆಯಬೇಕು. ಬೇಕಾದರೆ ಕೋರ್ಟಿನ ನಿರ್ದೇಶನ ಕೇಳಬೇಕು. ಎಷ್ಟೋ ದೇಶಗಳ ಟ್ರಸ್ಟ್ ಕಾನೂನಿನಲ್ಲಿ ಟ್ರಸ್ಟಿಗೆ ಆ ದಾರಿ ಇದೆ.

ಇನ್ನೂ ಸಹಿ ಹಾಕಿಲ್ಲ ಅಲ್ವಾ? ಹಾಗಾದರೆ ಡೀಡ್ ಮತ್ತು ಹಿಂದಿನ ಮೂರು ವರ್ಷದ ಸ್ಟೇಟ್‌ಮೆಂಟ್ ಕೇಳಿ. ಹಳೆಯ ಗೋಟಾಳೆ ಏನಾದರೂ ಕಂಡರೆ, ಸೇರಿದ ಮೇಲೆ ಅದನ್ನು ಸರಿಪಡಿಸುವ ಹೊಣೆ ನಿಮ್ಮ ಮೇಲೂ ಬರುತ್ತದೆ. ಡೀಡ್ ಸಿಕ್ಕರೆ ಹೂಡಿಕೆಯ ಕಲಂ, ಸಹಿಯ ಕಲಂ ಎರಡನ್ನೂ ಹೆಸರು ಅಳಿಸಿ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.